ನೋಡಲು ಚೆಂದವಿಲ್ಲದ ಚಾಂಪಿಯನ್ನರು

ಕೇಳುಗರಿಗೆ ನಮಸ್ಕಾರ.

ಇವತ್ತಿನ ನನ್ನ ಮಾತು ಬಾಕ್ಸಿಂಗ್ ಬಗ್ಗೆ. ಅದರಲ್ಲೂ ಒಂದು ಬಗೆಯ ಬಾಕ್ಸರ್‌ಗಳ ಬಗ್ಗೆ. ಇವರ ಆಟ ನೋಡಿ ಯಾರೂ ಆಹಾ ಅನ್ನುವುದಿಲ್ಲ. ಕಾಲು ಒಂದು ಕಡೆ, ಕೈ ಒಂದು ಕಡೆ. ಗುದ್ದು ಬೀಸುವಾಗ ಇಡೀ ಮೈ ವಾಲುತ್ತದೆ. ಜನ ಕೂಗಿ ಗೇಲಿ ಮಾಡುತ್ತಾರೆ, ಪತ್ರಿಕೆಗಳು ಬೈದು ಬರೆಯುತ್ತವೆ. ಕೊನೆಗೆ ರೆಫರಿ ಎತ್ತಿ ಹಿಡಿಯುವುದು ಮಾತ್ರ ಇವರ ಕೈಯನ್ನೇ.

ಬೆಂಗಳೂರಿನಲ್ಲಿ ಕೂತು ಇದೆಲ್ಲ ಯಾಕೆ ಅಂತೀರಾ? ಕಾರಣ ಇದೆ. ಮೊದಲೆಲ್ಲ ನಮ್ಮೂರಲ್ಲಿ ಬಾಕ್ಸಿಂಗ್ ಅಂದರೆ ಹೆಚ್ಚಾಗಿ ಸೇನೆಯವರ ಆಟ. ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಂಥ ಕಡೆ ಹುಡುಗರು ಗ್ಲೌಸ್ ಹಾಕುತ್ತಿದ್ದರು. ಈಗ ಹಾಗಿಲ್ಲ. ಎಷ್ಟೋ ಬಡಾವಣೆಗಳಲ್ಲಿ ಬಾಕ್ಸಿಂಗ್ ಜಿಮ್ ಇದೆ, ಶಾಲೆಗೆ ಹೋಗುವ ಮಕ್ಕಳು ಬರುತ್ತಾರೆ. ಸಂಜೆ ಹೊತ್ತು ಅಂಥ ಒಂದು ಜಿಮ್ಮಿನ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಗೋಡೆ ಉದ್ದಕ್ಕೂ ಕನ್ನಡಿ. ಅದರ ಮುಂದೆ ಮಕ್ಕಳು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಿರುತ್ತಾರೆ. ಎಡಗಾಲು ಮುಂದೆ, ಗದ್ದ ಕೆಳಗೆ, ಎರಡೂ ಮುಷ್ಟಿ ಕೆನ್ನೆಯ ಪಕ್ಕ. "ಕೈ ಮೇಲೆ, ಕೈ ಮೇಲೆ" ಅಂತ ಕೋಚ್ ಕೂಗುತ್ತಾ ಓಡಾಡುತ್ತಿರುತ್ತಾರೆ. ಆ ಸಾಲಿನಲ್ಲಿ ಒಬ್ಬ ಹುಡುಗ ಇದ್ದೇ ಇರುತ್ತಾನೆ. ಎಷ್ಟು ಹೇಳಿದರೂ ಅವನ ಎಡಗೈ ಸೊಂಟಕ್ಕೆ ಇಳಿಯುತ್ತದೆ. ಭುಜ ಓರೆ. ಹೆಜ್ಜೆ ಉಳಿದವರ ತಾಳಕ್ಕೆ ಕೂಡುವುದಿಲ್ಲ. ಹಿಂದೆ ಬೆಂಚಿನ ಮೇಲೆ ಕೂತ ಅವನ ಅಪ್ಪನಿಗೆ ಮುಜುಗರ. ಇವನಿಗೆ ಬಾಕ್ಸಿಂಗ್ ಆಗಿಬರಲ್ಲವೇನೋ ಅಂತ ಅವರು ಮನಸ್ಸಲ್ಲೇ ಅಂದುಕೊಂಡಿರುತ್ತಾರೆ.

ಈ ಮಾತು ಆ ಅಪ್ಪನಿಗೆ, ಆ ಹುಡುಗನಿಗೆ, ಅವನ ಕೋಚ್‌ಗೆ.

ಮೊದಲೇ ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ಕೋಚ್ ಹೇಳುವ ಪಾಠ ಸುಳ್ಳಲ್ಲ. ಗದ್ದ ಕೆಳಗಿರಬೇಕು ಅನ್ನುವುದು ಅಂದಕ್ಕಾಗಿ ಬಂದ ನಿಯಮ ಅಲ್ಲ. ಗದ್ದಕ್ಕೆ ಬಿದ್ದ ಗುದ್ದು ತಲೆಯನ್ನು ಗಿರ್ರನೆ ತಿರುಗಿಸುತ್ತದೆ, ಒಳಗೆ ಮೆದುಳು ಅಲುಗುತ್ತದೆ, ಮನುಷ್ಯ ಬೀಳುತ್ತಾನೆ. ಏಟು ತಿಂದು ತಿಂದು ಕಲಿತ ಪಾಠ ಅದು. ಹಾಗಿದ್ದರೆ ಅದನ್ನೆಲ್ಲ ಗಾಳಿಗೆ ತೂರಿದಂತೆ ಕಾಣುವವರು ಜಗತ್ತನ್ನೇ ಗೆದ್ದದ್ದು ಹೇಗೆ?

ರಾಕಿ ಮಾರ್ಸಿಯಾನೊ ಅವರನ್ನೇ ತೆಗೆದುಕೊಳ್ಳೋಣ. ಅಮೆರಿಕದ ಬ್ರಾಕ್ಟನ್ ಅನ್ನುವ ಊರಿನವರು. ಶೂ ಕಾರ್ಖಾನೆಗಳ ಊರು ಅದು. ಅವರ ತಂದೆ ಇಟಲಿಯಿಂದ ಬಂದು ಅಂಥದೊಂದು ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ರಾಕಿಗೆ ಬೇಸ್‌ಬಾಲ್ ಆಡುವ ಆಸೆ. 1947ರಲ್ಲಿ ಒಂದು ತಂಡದ ಆಯ್ಕೆಗೆ ಹೋದರು, ಕೆಲಸ ಆಗಲಿಲ್ಲ. ಆಮೇಲೆ ನ್ಯೂಯಾರ್ಕಿಗೆ ಹೋಗಿ ಚಾರ್ಲಿ ಗೋಲ್ಡ್‌ಮನ್ ಅನ್ನುವ ಕೋಚ್ ಮುಂದೆ ಗ್ಲೌಸ್ ಹಾಕಿ ನಿಂತಾಗ ವಯಸ್ಸು 24. ಬಾಕ್ಸಿಂಗ್ ಕಲಿಯಲು ತಡವಾದ ವಯಸ್ಸೇ. ಹೆವಿವೇಟ್‌ಗೆ, ಅಂದರೆ ಅತಿ ಭಾರದವರ ವಿಭಾಗಕ್ಕೆ, ಎತ್ತರ ಸಾಲದು. ತೂಕ 85 ಕೆಜಿ ಆಸುಪಾಸು. ತೋಳುಗಳು ಎಷ್ಟು ಮೋಟು ಅಂದರೆ ಎದುರಾಳಿಯ ಮುಖ ಮುಟ್ಟಬೇಕಾದರೆ ಅವರ ಎದೆಯ ಹತ್ತಿರಕ್ಕೇ ಹೋಗಬೇಕು. ಕಾಲು ಅಗಲಕ್ಕೆ ಹರಡಿಕೊಂಡು ನಿಲ್ಲುತ್ತಿದ್ದರು. ಬಲಗೈ ಬೀಸಿದರೆ ತಮ್ಮ ತೂಕಕ್ಕೆ ತಾವೇ ಮುಗ್ಗರಿಸುತ್ತಿದ್ದರು.

ಗೋಲ್ಡ್‌ಮನ್ ಕೂಡ ಹಳೇ ಬಾಕ್ಸರ್. ಆಳು ಪುಟ್ಟ, ಕಣ್ಣು ಚುರುಕು. ಈ ಯುವಕನಲ್ಲಿ ಏನನ್ನು ತಿದ್ದಬೇಕು, ಏನನ್ನು ಮುಟ್ಟಬಾರದು ಅಂತ ಅವರು ಬೇಗ ಕಂಡುಕೊಂಡರು. ಕಾಲು ಹರಡುವುದನ್ನು ತಿದ್ದಿದರು. ಹೇಗೆ ಗೊತ್ತಾ? ಎರಡೂ ಕಾಲಿಗೆ ದಾರ ಕಟ್ಟಿ ಅಭ್ಯಾಸ ಮಾಡಿಸಿದರು. ಹೆಜ್ಜೆ ಜಾಸ್ತಿ ಅಗಲ ಇಟ್ಟರೆ ದಾರ ಎಳೆಯುತ್ತದೆ. ನಿಲುವಿಗೆ ಒಂದು ಬುಡ ಸಿಕ್ಕಿತು. ಆದರೆ ಎತ್ತರ ಕಡಿಮೆ ಅನ್ನುವ ಕೊರತೆಯನ್ನು ಅವರು ಮುಚ್ಚಲು ಹೋಗಲಿಲ್ಲ. ಇನ್ನೂ ಬಗ್ಗು ಅಂದರು. ಗಿಡ್ಡ ಮನುಷ್ಯನನ್ನು ಇನ್ನಷ್ಟು ಗಿಡ್ಡ ಮಾಡಿದರು. ಎತ್ತರದ ಬಾಕ್ಸರ್ ಈಗ ಕೆಳಕ್ಕೆ ಗುದ್ದಬೇಕು, ಅದು ಯಾರಿಗೂ ಸಲೀಸಲ್ಲ. ಕೆಳಗಿಂದ ಎದ್ದು ಬರುವ ರಾಕಿಯ ಗುದ್ದು ಎಲ್ಲಿಂದ ಹೊರಟಿತು ಅಂತ ಕಾಣುವುದೇ ಇಲ್ಲ. ಇನ್ನು ಆ ಒರಟು ಬಲಗೈ. ಅದರ ಅಂದ ಚೆಂದದ ತಂಟೆಗೆ ಗೋಲ್ಡ್‌ಮನ್ ಹೋಗಲಿಲ್ಲ. ಅದಕ್ಕೆ ಆಧಾರವಾಗಿ ನಿಲ್ಲುವ ಕಾಲನ್ನಷ್ಟೇ ಗಟ್ಟಿ ಮಾಡಿದರು. ಇಷ್ಟು ವಿವೇಕದ ಕೋಚಿಂಗ್ ಬಾಕ್ಸಿಂಗ್‌ನಲ್ಲಿ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ.

1952ರ ಸೆಪ್ಟೆಂಬರ್ 23, ಫಿಲಡೆಲ್ಫಿಯಾ. ಎದುರಿಗೆ ಚಾಂಪಿಯನ್ ಜೆರ್ಸಿ ಜೋ ವಾಲ್ಕಾಟ್. 38 ವರ್ಷದ ಅನುಭವಿ. ನಡೆಯುತ್ತಾ ನಡೆಯುತ್ತಾ ತಟ್ಟನೆ ತಿರುಗಿ ಹೊಡೆಯುವ ಅವರ ಹೆಜ್ಜೆಗಾರಿಕೆ ಇವತ್ತಿಗೂ ನೋಡುವಂಥದ್ದು. ಮೊದಲ ರೌಂಡಿನಲ್ಲೇ ಅವರ ಎಡಗೈ ಹುಕ್, ಅಂದರೆ ಪಕ್ಕದಿಂದ ಬಳಸಿ ಬರುವ ಗುದ್ದು, ಮಾರ್ಸಿಯಾನೊರನ್ನು ನೆಲಕ್ಕೆ ಕೆಡವಿತು. ವೃತ್ತಿಯಲ್ಲಿ ಅವರು ಬಿದ್ದದ್ದು ಅದೇ ಮೊದಲು. ಎದ್ದರು, ಮತ್ತೆ ಅದೇ ಬಾಗಿದ ನಿಲುವಿನಲ್ಲಿ ಮುಂದೆ ಬಂದರು. 12 ರೌಂಡ್ ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಮಾರ್ಸಿಯಾನೊ ಹಿಂದೆ. ವಾಲ್ಕಾಟ್ ಕಾಲ ಮೇಲೆ ನಿಂತು ಉಳಿದ ರೌಂಡ್ ಕಳೆದಿದ್ದರೆ ಪಟ್ಟ ಅವರ ಹತ್ತಿರವೇ ಉಳಿಯುತ್ತಿತ್ತು.

13ನೇ ರೌಂಡ್ ಶುರುವಾಗಿ ಅರ್ಧ ನಿಮಿಷ ಕಳೆದಿತ್ತಷ್ಟೆ. ವಾಲ್ಕಾಟ್ ಹಿಂದೆ ಸರಿಯುತ್ತಾ ಹಗ್ಗದ ಹತ್ತಿರ ಬಂದರು. ಇಬ್ಬರೂ ಒಟ್ಟಿಗೇ ಬಲಗೈ ತೆಗೆದರು. ಮಾರ್ಸಿಯಾನೊರ ಗುದ್ದು ಬಹಳ ದೂರ ಬರಲೇ ಇಲ್ಲ. ಗೇಣಿನಷ್ಟು ದೂರದಿಂದ ಹೊರಟು ಗದ್ದಕ್ಕೆ ಬಡಿಯಿತು. ಆ ಕ್ಷಣದ ಫೋಟೊ ಇದೆ. ವಾಲ್ಕಾಟ್ ಮುಖದ ಮಾಂಸವೆಲ್ಲ ಒಂದು ಪಕ್ಕಕ್ಕೆ ಸರಿದು ಮುಖವೇ ಗುರುತು ಸಿಗದ ಹಾಗೆ ಆಗಿದೆ. ಅವರ ಒಂದು ತೋಳು ಹಗ್ಗಕ್ಕೆ ಸಿಕ್ಕಿಕೊಂಡಿತು. ಆ ತೋಳಿನ ಆಸರೆಯಲ್ಲೇ ನಿಧಾನವಾಗಿ ಕುಸಿದರು. ರೆಫರಿ ಹತ್ತು ಎಣಿಸಿದರು. ಅಲ್ಲಿಗೆ ಮುಗಿಯಿತು.

ಮಾರ್ಸಿಯಾನೊ 1956ರಲ್ಲಿ ನಿವೃತ್ತರಾದಾಗ ಲೆಕ್ಕ ಹೀಗಿತ್ತು: 49 ಪಂದ್ಯ, 49 ಗೆಲುವು, ಅದರಲ್ಲಿ 43 ನಾಕೌಟ್. ಮುಖ ಸಿಗದಿದ್ದರೆ ತೋಳಿಗೆ ಗುದ್ದುತ್ತಿದ್ದರು. 1953ರಲ್ಲಿ ರೋಲಂಡ್ ಲಾಸ್ಟಾರ್ಜಾ ಬಹಳ ಚೊಕ್ಕವಾಗಿ ಕೈ ಅಡ್ಡ ಹಿಡಿದು ತಡೆದರು. ಆ ತಡೆದ ಕೈಗಳೇ ಏಟು ತಿಂದು ಬಾತುಕೊಂಡು ಮೇಲೇಳದಂತಾದವು. 11ನೇ ರೌಂಡಿನಲ್ಲಿ ಪಂದ್ಯ ನಿಂತಿತು. ಗುರಿ ತಪ್ಪಿದ ಗುದ್ದು ಅಂತ ನೋಡುವವರಿಗೆ ಕಂಡದ್ದು ನಿಜವಾಗಿ ಗುರಿ ಮುಟ್ಟಿದ ಗುದ್ದೇ ಆಗಿತ್ತು. ಇನ್ನೊಂದು ವಿಷಯ ಮರೆಯಬಾರದು. ಇಂಥ ಆಟಕ್ಕೆ ಉಸಿರು ಜಾಸ್ತಿ ಬೇಕು. ಗಾಳಿಗೆ ಹೋಗುವ ಪ್ರತಿ ಗುದ್ದೂ ಶಕ್ತಿ ತಿನ್ನುತ್ತದೆ. ಮಾರ್ಸಿಯಾನೊ ಮೈಲಿಗಟ್ಟಲೆ ಓಡುತ್ತಿದ್ದರು, ಪಂದ್ಯ ಇರಲಿ ಇಲ್ಲದಿರಲಿ. ಆಟ ಒರಟಾಗಿ ಕಾಣುತ್ತಿತ್ತು, ತಯಾರಿಯಲ್ಲಿ ಒಂದು ದಿನವೂ ಒರಟುತನ ಇರಲಿಲ್ಲ.

ನಮ್ಮ ಬೆಂಗಳೂರಿನವರಿಗೆ ಈ ಕಥೆ ಹೊಸದಾಗಿ ಕೇಳಿಸಬಾರದು. ಎಂ.ಜಿ. ರಸ್ತೆ ಕಡೆ ಹೋದರೆ ಅನಿಲ್ ಕುಂಬ್ಳೆ ಅವರ ಹೆಸರಿನ ವೃತ್ತ ಇದೆ, ಅಲ್ವಾ? ಅವರು ಬೌಲಿಂಗ್ ಶುರು ಮಾಡಿದಾಗ ಎಷ್ಟು ಜನ ಅಂದಿದ್ದರು, ಇದೆಂಥ ಲೆಗ್ ಸ್ಪಿನ್, ಚೆಂಡು ತಿರುಗೋದೇ ಇಲ್ಲ ಅಂತ. ಪುಸ್ತಕದಲ್ಲಿರುವ ಲೆಗ್ ಸ್ಪಿನ್ನರ್ ಚೆಂಡನ್ನು ಗಾಳಿಯಲ್ಲಿ ತೇಲಿಸಬೇಕು. ಇವರು ಎತ್ತರದಿಂದ ವೇಗವಾಗಿ ಹಾಕಿ ಪುಟಿಸುತ್ತಿದ್ದರು. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಒಂದೇ ಇನಿಂಗ್ಸ್‌ನ ಹತ್ತೂ ವಿಕೆಟ್ ಅವರದೇ ಆಯಿತು, 74 ರನ್ನಿಗೆ. ಟೆಸ್ಟ್‌ನಲ್ಲಿ ಒಟ್ಟು 619. ತಿರುಗುತ್ತದೆ ಅಂತ ಕಾಯುತ್ತಿದ್ದ ಬ್ಯಾಟ್ಸ್‌ಮನ್ ತಿರುಗದ ಚೆಂಡಿಗೆ ಔಟಾದರು.

ಬಾಕ್ಸಿಂಗ್‌ನಲ್ಲೂ ಗುಟ್ಟು ಅಲ್ಲೇ ಇದೆ. ಗುದ್ದು ಹೊರಟ ಮೇಲೆ ನೋಡಿ ತಪ್ಪಿಸಿಕೊಳ್ಳುವಷ್ಟು ಸಮಯ ಯಾರಿಗೂ ಸಿಗುವುದಿಲ್ಲ. ಅನುಭವಿ ಬಾಕ್ಸರ್ ಎದುರಾಳಿಯ ಭುಜ, ಸೊಂಟ, ಕಾಲು ನೋಡಿ ಏನು ಬರುತ್ತದೆ ಅಂತ ಮೊದಲೇ ಊಹಿಸಿರುತ್ತಾನೆ. ಆ ಊಹೆ ಬೆಳೆದದ್ದು ಜಿಮ್ಮಿನಲ್ಲಿ, ಸರಿಯಾಗಿ ಕಲಿತ ನೂರಾರು ಜನರ ಎದುರು ಸ್ಪಾರಿಂಗ್, ಅಂದರೆ ಅಭ್ಯಾಸದ ಆಟ, ಮಾಡಿ. ಎದುರಿಗಿರುವವನ ಭುಜ ಒಂದು ಹೇಳಿ ಕೈ ಇನ್ನೊಂದು ಮಾಡಿದರೆ ಆ ಊಹೆಯೆಲ್ಲ ತಲೆಕೆಳಗು. ಜತೆಗೆ ಅಂಥವನ ಎದುರು ತಯಾರಾಗಲು ಸ್ಪಾರಿಂಗ್‌ಗೆ ಜನ ಸಿಗುವುದಿಲ್ಲ. ಮುಂದಿನ ಕೈಯಿಂದ ನೇರ ಚಾಚುವ ಸರಿಯಾದ ಜ್ಯಾಬ್ ಅನುಕರಿಸಬಹುದು. ಒಬ್ಬನ ಮೈಗಷ್ಟೇ ಗೊತ್ತಿರುವ ಓರೆ ಗುದ್ದನ್ನು ಇನ್ನೊಬ್ಬ ಹೇಗೆ ಅನುಕರಿಸುತ್ತಾನೆ?

ನೂರು ವರ್ಷದ ಹಿಂದೆ ಹ್ಯಾರಿ ಗ್ರೆಬ್ ಅಂತ ಇದ್ದರು. ಅವರ ಒಂದು ಪಂದ್ಯದ ಫಿಲ್ಮೂ ಇವತ್ತು ಉಳಿದಿಲ್ಲ. ಬರಹಗಳಲ್ಲಿ ಸಿಗುವ ಚಿತ್ರ ಮಾತ್ರ ಒಂದೇ ಥರ: ಎಲ್ಲ ದಿಕ್ಕಿನಿಂದಲೂ ಬೀಸಿ ಬರುವ ಕೈ, ನಿಲ್ಲದ ಕಾಲು, ಹಿಡಿತ, ತಳ್ಳಾಟ. ಒಂದು ಕಣ್ಣಿನ ದೃಷ್ಟಿ ಹೋಗಿದ್ದರೂ ಅದನ್ನು ಮುಚ್ಚಿಟ್ಟುಕೊಂಡು ಆಡುತ್ತಿದ್ದರು. 1922ರ ಮೇ ತಿಂಗಳಲ್ಲಿ ಅವರು ಜೀನ್ ಟನಿ ಅವರನ್ನು ಎದುರಿಸಿದರು. ಟನಿ ಅಂದರೆ ಓದಿ, ಯೋಚಿಸಿ, ಅಳೆದು ಆಡುವ ಬಾಕ್ಸರ್. ಮೊದಲ ರೌಂಡಿನಲ್ಲೇ ಟನಿ ಮೂಗು ಮುರಿಯಿತು. 15 ರೌಂಡ್ ರಕ್ತ ಸುರಿಸಿಕೊಂಡು ನಿಂತರು, ಸೋತರು. ಟನಿ ಮುಂದೆ ಜ್ಯಾಕ್ ಡೆಂಪ್ಸಿ ಅವರನ್ನು ಎರಡು ಸಲ ಸೋಲಿಸಿ ಹೆವಿವೇಟ್ ಚಾಂಪಿಯನ್ ಆಗಿ ಮೆರೆದವರು. ಇಡೀ ವೃತ್ತಿಯಲ್ಲಿ ಅವರು ಸೋತದ್ದು ಇದೊಂದೇ ಪಂದ್ಯ. ಆದರೆ ಅವರು ಗ್ರೆಬ್ ಆಟವನ್ನು ಕೂತು ಬಿಡಿಸಿ ಅರ್ಥ ಮಾಡಿಕೊಂಡರು, ದೇಹಕ್ಕೆ ಗುದ್ದುವ ಉಪಾಯ ಹೂಡಿದರು, ಮುಂದಿನ ವರ್ಷ ತಿರುಗಿ ಗೆದ್ದರು. ವಿಚಿತ್ರ ಶೈಲಿಯ ಮಿತಿಯೂ ಇಲ್ಲೇ ಕಾಣುತ್ತದೆ. ಮೊದಲ ಸಲ ಕಂಗೆಡಿಸುತ್ತದೆ. ಬುದ್ಧಿವಂತನಿಗೆ ಎರಡನೇ ಅವಕಾಶ ಕೊಟ್ಟರೆ ಕಷ್ಟ.

ಎಲ್ಲ ವಿಚಿತ್ರ ಶೈಲಿಗೂ ಇದು ಅನ್ವಯಿಸುವುದಿಲ್ಲ ಅನ್ನಿ. ಕೆನ್ ನಾರ್ಟನ್ ಎರಡೂ ತೋಳು ಮುಖದ ಮುಂದೆ ಅಡ್ಡ ಹಿಡಿದು, ಹಿಂಗಾಲು ಎಳೆಯುತ್ತಾ ಬರುತ್ತಿದ್ದರು. ಮುಹಮ್ಮದ್ ಅಲಿ ಅವರೊಂದಿಗೆ ಮೂರು ಸಲ ಆಡಿದರು. 1973ರ ಮಾರ್ಚ್‌ನಲ್ಲಿ ನಾರ್ಟನ್ ಅವರೇ ಅಲಿಯ ದವಡೆ ಮುರಿದು ಗೆದ್ದರು. ಉಳಿದ ಎರಡು ಪಂದ್ಯ ಅಲಿಗೆ ಸಿಕ್ಕವು ನಿಜ, ಆದರೆ ಕೂದಲೆಳೆ ಅಂತರದಲ್ಲಿ. ಮೂರೂ ಸಲ ಅಲಿಗೆ ಆ ಮನುಷ್ಯನ ಲಯ ಪೂರ್ತಿ ಸಿಗಲೇ ಇಲ್ಲ.

ನನಗೆ ಬಹಳ ಇಷ್ಟವಾದ ಇನ್ನೊಬ್ಬರು ವೇಲ್ಸ್‌ನ ಜೋ ಕಾಲ್ಜಾಗಿ. ಅವರ ತಂದೆ ಎಂಜೊ ಸಂಗೀತಗಾರರು, ತಾವು ಬಾಕ್ಸಿಂಗ್ ಆಡಿದವರೇ ಅಲ್ಲ. ಮಗನಿಗೆ ಕೋಚ್ ಅವರೇ. ಕಾಲ್ಜಾಗಿ ಗುದ್ದುವುದಿಲ್ಲ, ಕಪಾಳಕ್ಕೆ ಬಾರಿಸುತ್ತಾರೆ ಅಂತ ಬಹಳ ಜನ ಮೂದಲಿಸಿದರು. ಅದರಲ್ಲಿ ಸ್ವಲ್ಪ ಸತ್ಯವೂ ಇತ್ತು. ಅವರ ಕೈ ಪದೇ ಪದೇ ಗಾಯವಾಗುತ್ತಿತ್ತು. ಪೂರ್ತಿ ಬಲ ಹಾಕಿ ಗುದ್ದಿದರೆ ತಮ್ಮ ಕೈಗೇ ಅಪಾಯ. ಹಾಗಾಗಿ ಬಲದ ಬದಲು ಸಂಖ್ಯೆ. ಸಡಿಲ ಕೈಯಲ್ಲಿ, ಯಾವ ಕೋನದಿಂದ ಅಂತ ಹೇಳಲಾಗದ ಹಾಗೆ, ಬಿಡುವಿಲ್ಲದ ಹೊಡೆತ. 2006ರ ಮಾರ್ಚ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅಮೆರಿಕದ ಜೆಫ್ ಲೇಸಿ ಎದುರಾದರು. ಅಲ್ಲಿಯವರೆಗೆ ಸೋಲು ಕಾಣದ, ಭಾರಿ ಗುದ್ದಿನ ಬಾಕ್ಸರ್. ಪಂದ್ಯಕ್ಕೆ ಮೊದಲು ಕೈನೋವಿನಿಂದ ಕಾಲ್ಜಾಗಿ ಹಿಂದೆ ಸರಿಯುವ ಯೋಚನೆಯಲ್ಲಿದ್ದರು. ಆಡು ಅಂತ ಅಪ್ಪ ಹಟ ಹಿಡಿದರು. 12 ರೌಂಡ್ ಪೂರ್ತಿ ಲೇಸಿಗೆ ಒಂದು ರೌಂಡನ್ನೂ ಸರಿಯಾಗಿ ಗೆಲ್ಲಲು ಬಿಡಲಿಲ್ಲ. 2009ರಲ್ಲಿ ಕಾಲ್ಜಾಗಿ ನಿವೃತ್ತರಾದಾಗ 46 ಪಂದ್ಯ, 46 ಗೆಲುವು. ಕೈಗೆ ಗಾಯ ಆಗದಿದ್ದರೆ ಅವರೂ ಎಲ್ಲರ ಹಾಗೆ ಗುದ್ದುತ್ತಿದ್ದರೇನೋ. ಎಷ್ಟೋ ಶೈಲಿಗಳು ಹುಟ್ಟುವುದು ಹೀಗೇ. ನೋಡುವವರಿಗೆ ಸೋಮಾರಿತನ ಅನ್ನಿಸುವುದರ ಒಳಗೆ ಒಂದು ನೋವು ಇರುತ್ತದೆ, ಅದರ ಸುತ್ತ ಹುಡುಕಿಕೊಂಡ ದಾರಿ ಇರುತ್ತದೆ.

ಇಂಗ್ಲೆಂಡಿನ ಕಾರ್ಲ್ ಫ್ರಾಚ್ ಕೂಡ ಎಡಗೈ ಸೊಂಟದ ಹತ್ತಿರ ತೂಗಾಡಿಸುತ್ತಲೇ ಗೆದ್ದವರು. 2009ರಲ್ಲಿ ಜರ್ಮೇನ್ ಟೇಲರ್ ಎದುರು ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಹಿಂದಿದ್ದು, ಕೊನೆಯ ರೌಂಡಿನ ಕೊನೆಯ 14 ಸೆಕೆಂಡ್ ಉಳಿದಿರುವಾಗ ಪಂದ್ಯ ಮುಗಿಸಿದರು.

ಇಲ್ಲಿಯವರೆಗೆ ಹೇಳಿದವರ ಆಟ ಒರಟಾದರೂ ರೋಚಕ. ಇನ್ನೊಂದು ಥರ ಇದೆ, ಅದನ್ನು ಪ್ರೀತಿಸುವುದು ಕಷ್ಟ. ಒಂದು ಗುದ್ದು, ತಕ್ಷಣ ತಬ್ಬಿ ಹಿಡಿಯುವುದು. ರೆಫರಿ ಬಿಡಿಸುತ್ತಾರೆ. ಮತ್ತೆ ಒಂದು ಗುದ್ದು, ಮತ್ತೆ ಹಿಡಿತ. ಹೆವಿವೇಟ್ ಚಾಂಪಿಯನ್ ಜಾನ್ ರೂಯಿಜ್ ಹೀಗೇ ಆಡುತ್ತಿದ್ದರು. ನೋಡುತ್ತಾ ನನಗೂ ಬೇಸರ ಬಂದದ್ದಿದೆ. ಆದರೆ ಅವರ ಹಿನ್ನೆಲೆ ನೋಡಿ. 1996ರಲ್ಲಿ ಡೇವಿಡ್ ಟುವಾ ಅವರು ರೂಯಿಜ್‌ರನ್ನು 19 ಸೆಕೆಂಡಿನಲ್ಲಿ ನಾಕೌಟ್ ಮಾಡಿದ್ದರು. ಇಡೀ ಜಗತ್ತು ನೋಡುತ್ತಿರುವಾಗ ಹತ್ತೊಂಬತ್ತೇ ಸೆಕೆಂಡ್. ಅಂಥ ಸೋಲಿನ ಮೇಲೆ ಎಷ್ಟು ಜನ ಮತ್ತೆ ರಿಂಗ್ ಹತ್ತುತ್ತಾರೆ? ರೂಯಿಜ್ ಹತ್ತಿದರು. 2001ರ ಮಾರ್ಚ್‌ನಲ್ಲಿ ಇವಾಂಡರ್ ಹೋಲಿಫೀಲ್ಡ್ ಅವರನ್ನು ಸೋಲಿಸಿ, ಹೆವಿವೇಟ್ ಪಟ್ಟ ಗೆದ್ದ ಲ್ಯಾಟಿನ್ ಅಮೆರಿಕ ಮೂಲದ ಮೊದಲಿಗರಾದರು. ದೊಡ್ಡ ಗುದ್ದುಗಾರರ ನಡುವೆ ಹತ್ತಿರ ಹೋಗಿ ಹಿಡಿಯುವುದೇ ತನ್ನನ್ನು ಉಳಿಸುತ್ತದೆ ಅಂತ ಒಬ್ಬ ಮನುಷ್ಯ ಕಂಡುಕೊಂಡರೆ ಅದನ್ನು ಹೇಡಿತನ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಉಕ್ರೇನಿನ ಹೆವಿವೇಟ್ ವ್ಲಾಡಿಮಿರ್ ಕ್ಲಿಚ್ಕೊ ಕೂಡ 2003, 2004ರಲ್ಲಿ ಕೆಟ್ಟದಾಗಿ ನಾಕೌಟ್ ಆದ ಮೇಲೆಯೇ ಕೋಚ್ ಇಮ್ಯಾನ್ಯುಯೆಲ್ ಸ್ಟೀವರ್ಡ್ ಅವರ ಕೈಯಲ್ಲಿ ದೂರದ ಜ್ಯಾಬ್, ಹತ್ತಿರ ಬಂದರೆ ಹಿಡಿತ ಅನ್ನುವ ಆಟಕ್ಕೆ ಬಂದದ್ದು. 2006ರಿಂದ 2015ರವರೆಗೆ ಅವರನ್ನು ಯಾರೂ ಇಳಿಸಲಾಗಲಿಲ್ಲ. 2013ರಲ್ಲಿ ಮಾಸ್ಕೋದಲ್ಲಿ ಪೊವೆಟ್ಕಿನ್ ಎದುರಿನ ಪಂದ್ಯದಲ್ಲಿ ಮಾತ್ರ ಹಿಡಿತ, ಮೇಲೆ ಒರಗುವುದು ಅತಿಯಾಯಿತು. ರೆಫರಿ ಆ ಪಂದ್ಯದಲ್ಲಿ ಇನ್ನೂ ಮೊದಲೇ ಪಾಯಿಂಟ್ ಕಳೆಯಬೇಕಿತ್ತು. ನಿಯಮದೊಳಗಿನ ಕುರೂಪಕ್ಕೆ ನನ್ನ ಗೌರವ ಇದೆ. ನಿಯಮ ಮುರಿದು ಗಳಿಸಿದ್ದಕ್ಕೆ ಇಲ್ಲ.

ಈಗ ಎಲ್ಲರಿಗಿಂತ ಚೆಂದವಾಗಿ ಕಾಣುತ್ತಿದ್ದ ಅಲಿ ಅವರ ವಿಷಯ. ಕೈ ಕೆಳಗೆ ಇಟ್ಟು, ಗುದ್ದು ಬಂದಾಗ ತಲೆಯನ್ನು ಹಿಂದಕ್ಕೆ ಎಳೆಯುತ್ತಿದ್ದರು. ಪಾಠದ ಪ್ರಕಾರ ಎರಡೂ ತಪ್ಪು. ಯೌವನದ ಕಾಲಿನ ವೇಗ ಆ ತಪ್ಪನ್ನು ಕಾಯಿತು. ಕಾಲು ನಿಧಾನವಾದ ಮೇಲೆ ಅದೇ ತಲೆಗೆ ಏಟುಗಳು ಬಿದ್ದವು, ಬಹಳ ಬಿದ್ದವು. ಅವರ ಕೊನೆಯ ವರ್ಷಗಳನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೇ ಕೋಚ್‌ಗಳಿಗೆ ನನ್ನ ಕೋರಿಕೆ ಇಷ್ಟು. ಹುಡುಗನ ಗದ್ದ, ಅವನ ಸಮತೋಲ, ಅವನ ಉಸಿರು, ಇವುಗಳ ವಿಷಯದಲ್ಲಿ ರಾಜಿ ಬೇಡ. ಅವನ ತಲೆ ಅವನಿಗೆ ಜೀವನಪೂರ್ತಿ ಬೇಕು. ಆದರೆ ಕೈ ಹೊರಡುವ ಕೋನ, ಹೆಜ್ಜೆಯ ತಾಳ, ಇವನ್ನು ತಿದ್ದುವ ಮೊದಲು ಅವನ ಜತೆ ಸ್ಪಾರಿಂಗ್ ಮಾಡಿದ ಮಕ್ಕಳನ್ನು ಕೇಳಿ. ಯಾರ ಎದುರು ಆಡೋದು ಕಷ್ಟ ಅಂತ ಸುಮ್ನೆ ಕೇಳಿ ನೋಡಿ. ಅವರು ಹೇಳುವ ಹೆಸರು ನಿಮಗೆ ಆಶ್ಚರ್ಯ ತರಬಹುದು.

ಇಲ್ಲಿ ಒಂದು ನಿಜವಾದ ತೊಡಕಿದೆ. ನಮ್ಮ ಮಕ್ಕಳು ಆಡುವುದು ಅಮೆಚೂರ್, ಅಂದರೆ ಹವ್ಯಾಸಿ ಬಾಕ್ಸಿಂಗ್. ದೊಡ್ಡವರಿಗೂ ಅಲ್ಲಿ ಮೂರೇ ರೌಂಡ್. ತೀರ್ಪುಗಾರರು ರಿಂಗಿನ ಪಕ್ಕ ಕೂತು ಪ್ರತಿ ರೌಂಡಿಗೂ ಹತ್ತರ ಲೆಕ್ಕದಲ್ಲಿ ಅಂಕ ಕೊಡುತ್ತಾರೆ. ಚೊಕ್ಕವಾಗಿ ಬಿದ್ದ ಗುದ್ದು, ತಾಂತ್ರಿಕ ಮೇಲುಗೈ, ಇವೆಲ್ಲ ಅವರ ಕಣ್ಣಿಗೆ ಬೀಳಬೇಕು. ನೇರವಾದ ಜ್ಯಾಬ್ ಬೇಗ ಕಣ್ಣಿಗೆ ಬೀಳುತ್ತದೆ. ಪಕ್ಕೆಗೆ ಬಿದ್ದ ಓರೆ ಗುದ್ದು ಬೀಳುವುದಿಲ್ಲ. ವಾಲ್ಕಾಟ್ ಎದುರಿನ ಪಂದ್ಯ ಮೂರು ರೌಂಡಿಗೆ ಮುಗಿದಿದ್ದರೆ ಮಾರ್ಸಿಯಾನೊರ ಆ 13ನೇ ರೌಂಡಿನ ಗುದ್ದಿಗೆ ಅವಕಾಶವೇ ಇರುತ್ತಿರಲಿಲ್ಲ. ಎದುರಾಳಿಯನ್ನು ದಣಿಸಿ ಗೆಲ್ಲುವವನಿಗೆ ದಣಿಸಲು ಸಮಯವೇ ಸಿಗುವುದಿಲ್ಲ. ಇಂಥ ಎಷ್ಟೋ ಮಕ್ಕಳು ಹದಿನೈದು ಹದಿನಾರಕ್ಕೇ ಎರಡು ಮೂರು ತೀರ್ಪು ವಿರುದ್ಧ ಬಂದ ಕೂಡಲೇ ಗ್ಲೌಸ್ ಬಿಚ್ಚಿಡುತ್ತಾರೆ. ನನಗೆ ಬೇಸರ ತರುವುದು ಇದೇ.

ಹಾಗಾಗಿ ಬೆಂಗಳೂರಿನಲ್ಲಿ ಮುಂದೆ ಯಾವಾಗಲಾದರೂ ಬಾಕ್ಸಿಂಗ್ ಸ್ಪರ್ಧೆ ನಡೆದರೆ ಒಮ್ಮೆ ಹೋಗಿ. ಮೂರನೇ ರೌಂಡಿನಲ್ಲಿ ಅಂಕದ ಫಲಕ ಬಿಟ್ಟು ಕೆಲವು ವಿಷಯ ಗಮನಿಸಿ. ಯಾರು ಬಾಯಲ್ಲಿ ಉಸಿರಾಡುತ್ತಿದ್ದಾರೆ. ಯಾರ ಮೊಣಕೈ ಪಕ್ಕೆಗೆ ಅಂಟಿಕೊಂಡಿದೆ. ಗಂಟೆ ಬಾರಿಸಿದಾಗ ಯಾರು ಹಿಂದಕ್ಕೆ ಹೆಜ್ಜೆ ಇಡುತ್ತಿದ್ದರು, ಯಾರು ಮುಂದಕ್ಕೆ. ತೀರ್ಪು ಬಂದ ಮೇಲೆ, ಸೋತ ಹುಡುಗ ಮುಂದಕ್ಕೆ ಬರುತ್ತಿದ್ದವನೇ ಆಗಿದ್ದರೆ ಅವನ ಹತ್ತಿರ ಹೋಗಿ ಮಾತಾಡಿಸಿ. ನಾಳೆಯೂ ಅಭ್ಯಾಸಕ್ಕೆ ಬರ್ತೀಯಾ ಅಂತ ಕೇಳಿ.

ನಮಸ್ಕಾರ.